ಒಂದು ಪರದೆ, ಎರಡು ಯುದ್ಧ

ನಾನು ಕೆಲಸ ಮಾಡುವ ಕ್ಲಿನಿಕ್ಕಿನ ಫಿಸಿಯೋಥೆರಪಿ ಕೋಣೆಗೆ ಕಿಟಕಿಯಿಲ್ಲ. ಒಮಾನಿನ ಸಲಾಲಾದಲ್ಲಿ ಖರೀಫ್ ಎನ್ನುವ ಮಳೆಗಾಲ ಶುರುವಾಗಿ ಹೊರಗೆ ಜಿಟಿಜಿಟಿ ಹನಿ ಹಿಡಿದಿರುತ್ತದೆ, ಮಸ್ಕತ್ತಿನಿಂದಲೂ ದುಬೈಯಿಂದಲೂ ಜನ ಮಕ್ಕಳುಮರಿ ಕಟ್ಟಿಕೊಂಡು ಹಸಿರು ಗುಡ್ಡ ನೋಡಲು ಬಂದಿರುತ್ತಾರೆ. ನಮ್ಮ ಕೋಣೆಯೊಳಗೆ ಮಾತ್ರ ವರ್ಷವಿಡೀ ಅದೇ ಟ್ಯೂಬ್‌ಲೈಟು, ಅದೇ ಏಸಿ. ಕೋಣೆಯ ಮಧ್ಯೆ ದಪ್ಪ ನೀಲಿ ಪರದೆ. ಒಳಬದಿಯಲ್ಲಿ ಹೆಂಗಸರು, ಬಾಗಿಲ ಕಡೆ ಗಂಡಸರು. ಕಾಲು ಕಳೆದುಕೊಂಡವರು ಹಿಡಿದು ನಡೆಯುವ ಜೋಡಿ ಕಂಬಿ ಒಳಬದಿಯಲ್ಲಿದೆ.

ನಾನು ಉಡುಪಿಯ ಕಡೆಯವಳು. ಗಂಡನಿಗೆ ಇಲ್ಲಿನ ಬಂದರಿನಲ್ಲಿ ಕೆಲಸ. ಮದುವೆಯಾಗಿ ಬಂದಾಗ ನನಗೆ ಬರುತ್ತಿದ್ದ ಅರಬ್ಬಿ ‘ಯಲ್ಲಾ’ ಮತ್ತು ‘ಖಲಾಸ್’ ಎರಡೇ. ಉಳಿದದ್ದನ್ನೆಲ್ಲ ಕಲಿಸಿದವರು ರೋಗಿಗಳು. ಅವರಲ್ಲಿ ಹೆಚ್ಚಿನವರು ಗಡಿಯಾಚೆಯ ಯೆಮೆನಿನವರು. ಬೆನ್ನಿಗೆ ಗುಂಡು ತಾಗಿದವರು, ನೆಲದಲ್ಲಿ ಹೂತಿಟ್ಟ ಮೈನ್ ಮೇಲೆ ಕಾಲಿಟ್ಟವರು. ಹೀಗಾಗಿ ‘ನೋವು’, ‘ಸುಟ್ಟದ್ದು’, ‘ನಿಧಾನ’, ‘ಇನ್ನೊಂದು ಹೆಜ್ಜೆ’ ಇಂಥ ಮಾತುಗಳೆಲ್ಲ ನನಗೆ ಸರಾಗ. ಸಂತೆಯಲ್ಲಿ ಚೌಕಾಸಿ ಮಾಡುವ ಅರಬ್ಬಿ ಇವತ್ತಿಗೂ ಬಾರದು.

ಸುಡಾನಿನ ಯುದ್ಧಕ್ಕೆ ಎರಡನೆಯ ಮಳೆಗಾಲ ಬಂದಿದ್ದಾಗ ಆ ಹೆಂಗಸು ನಮ್ಮಲ್ಲಿಗೆ ಬಂದಳು. ಯೆಮೆನಿನ ತೈಜ್ ಊರಿನ ಹೊರಗಿನ ಹಳ್ಳಿಯವಳು, ಐವತ್ತು ದಾಟಿರಬಹುದು. ಸೌದೆ ಆಯಲು ಹೋದಾಗ ಮೈನ್ ಸಿಡಿದು ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಗಿತ್ತು. ತಮ್ಮನ ಜೊತೆ ಬಸ್ಸು, ಲಾರಿ ಏನು ಸಿಕ್ಕಿತೋ ಅದನ್ನು ಹಿಡಿದು, ಏಡನ್ ಮಾರ್ಗವಾಗಿ ಮರುಭೂಮಿ ಸುತ್ತಿ ಗಡಿ ದಾಟಿ ಬಂದಿದ್ದಳು. ಕೃತಕ ಕಾಲಿನ ಖರ್ಚು ಹೊರುವ ದಾನಿಗಳು ಯಾರೋ ಇದ್ದರು. ಇಬ್ಬರು ಹೆಣ್ಣುಮಕ್ಕಳು ಊರಿನಲ್ಲೇ ಇದ್ದರು, ಚಿಕ್ಕವಳು ಬಸುರಿ. ಆಕೆಯನ್ನು ನಾನು ‘ಖಾಲಾ’ ಎಂದು ಕರೆಯುತ್ತಿದ್ದೆ, ನಮ್ಮಲ್ಲಿ ಚಿಕ್ಕಮ್ಮ ಎನ್ನುವ ಹಾಗೆ. ಆಕೆಗೆ ನಾನು ‘ಬಿಂತಿ’, ಮಗಳು.

ನಮ್ಮ ಕ್ಲಿನಿಕ್ಕಿನ ಮೂಳೆ ಡಾಕ್ಟರು ಸುಡಾನಿನವರು. ನಲವತ್ತೈದರ ಆಸುಪಾಸು, ಎತ್ತರದ ಆಳು, ಮೆಲುಮಾತು. ಹೆಂಡತಿ ಮಕ್ಕಳು ಇಲ್ಲೇ ಜೊತೆಗಿದ್ದರು. ತಾಯಿ ಮತ್ತು ಮದುವೆಯಾಗದ ತಂಗಿ ಮಾತ್ರ ಖಾರ್ತೂಮಿನಲ್ಲಿ, ನೈಲ್ ನದಿಯಾಚೆಯ ಬಹ್ರಿಯಲ್ಲಿ ಸಿಕ್ಕಿಬಿದ್ದಿದ್ದರು. ಅವರ ಬೀದಿ ಸರ್ಕಾರದ ಸೇನೆಯ ವಿರುದ್ಧ ಕಾದುತ್ತಿದ್ದ ಬಂದೂಕಿನ ಹುಡುಗರ ಕೈಯಲ್ಲಿತ್ತು. ಫೋನು ತಾಗುತ್ತಿರಲಿಲ್ಲ. ಒಂದು ಅಂಗಡಿಯವನ ಹತ್ತಿರ ಉಪಗ್ರಹದ ಇಂಟರ್ನೆಟ್ ಇತ್ತು. ಧೈರ್ಯವಾದ ದಿನ ತಂಗಿ ಅಲ್ಲಿಗೆ ಹೋಗಿ, ತುಂಬಿಟ್ಟುಕೊಂಡ ವಾಯ್ಸ್ ಮೆಸೇಜುಗಳನ್ನು ಕಳಿಸಿ, ಬಂದದ್ದನ್ನು ಇಳಿಸಿಕೊಂಡು ಓಡಿಬರುತ್ತಿದ್ದಳು. ಅದು ವಾರಕ್ಕೊಮ್ಮೆಯೂ ಆಗಬಹುದು, ತಿಂಗಳಾದರೂ ಆಗದಿರಬಹುದು. ಡಾಕ್ಟರು ರೋಗಿಯ ಮಂಡಿ ಒತ್ತಿ ನೋಡುವಾಗಲೂ ಫೋನು ಮೇಜಿನ ಮೇಲೆ ಮುಖ ಮೇಲಾಗಿ ಬಿದ್ದಿರುತ್ತಿತ್ತು.

ಅವರಿಬ್ಬರ ಪರಿಚಯ ಆದದ್ದು ಊಟದ ವಿಷಯದಲ್ಲಿ. ಆಕೆ ಕಂಬಿ ಹಿಡಿದು ನಡೆಯುವಾಗ ಡಾಕ್ಟರು ಪರದೆಯಾಚೆ ನಿಂತು ಹೇಗಾಗುತ್ತಿದೆ ಎಂದು ವಿಚಾರಿಸುವುದು ವಾಡಿಕೆ. ತಾಕತ್ತು ಬರಲು ಏನು ತಿನ್ನುತ್ತೀರಿ ಎಂದು ಕೇಳಿದರು. “ಇಲ್ಲಿ ಅನ್ನ. ಊರಲ್ಲಾದರೆ ಅಸೀದ್” ಎಂದಳು ಆಕೆ. ಅದು ಜೋಳದ ಹಿಟ್ಟಿನ ಮುದ್ದೆ. ಮಧ್ಯೆ ಗುಳಿ ಮಾಡಿ ಮಾಂಸದ ಸಾರು ಹೊಯ್ದು ಬೆರಳಲ್ಲಿ ಮುರಿದು ತಿನ್ನುತ್ತಾರೆ.

“ಅಸೀದಾ ನಮ್ಮದು” ಎಂದರು ಡಾಕ್ಟರು. “ಒಣ ಬೆಂಡೆಪುಡಿಯ ಗೊಜ್ಜು ಹಾಕಿ ತಿನ್ನಬೇಕು ಅದನ್ನು.”

“ಬೆಂಡೆಯಾ? ಲೋಳೆಯ ಜೊತೆ ಲೋಳೆಯಾ?” ಆಕೆ ಕಂಬಿಯ ಮೇಲೆ ಬಗ್ಗಿ ನಕ್ಕಳು. ಬಂದ ಮೇಲೆ ಆಕೆ ನಕ್ಕದ್ದು ಅದೇ ಮೊದಲು.

ನನ್ನ ಜೊತೆ ಕೆಲಸ ಮಾಡುವ ಮೈಸೂರಿನ ನರ್ಸಮ್ಮ ರಾಗಿ ಮುದ್ದೆಯ ಸುದ್ದಿ ತೆಗೆದು, ನಾನು ಅದನ್ನು ಅರ್ಧಂಬರ್ಧ ಅರಬ್ಬಿಗೆ ತಿರುಗಿಸಿದೆ. ಆಮೇಲೆ ಅದೇ ನಿತ್ಯದ ಜಗಳವಾಯಿತು. ಅವರ ಜೋಳ ಕೆಂಪೋ ಇವರ ಜೋಳ ಬಿಳಿಯೋ, ಯಾರ ಕಾಫಿ ಮೊದಲು ಹುಟ್ಟಿದ್ದು. ಸುಡಾನಿನವರು ಮನುಷ್ಯನಿಗೆ ‘ಜೋಲ್’ ಅನ್ನುವುದು ಆಕೆಗೆ ತಮಾಷೆ. ಆಕೆಯ ಹಳ್ಳಿಯ ಅರಬ್ಬಿಯಲ್ಲಿ ಕಾಲು ಭಾಗ ಡಾಕ್ಟರಿಗೆ ಅರ್ಥವಾಗುತ್ತಿರಲಿಲ್ಲ. ಕೊನೆಗೆ ಆ ಕಾಲು ಭಾಗವನ್ನು ನಾನು, ಉಡುಪಿಯವಳು, ಅವರಿಗೆ ಬಿಡಿಸಿ ಹೇಳಬೇಕಾಗುತ್ತಿತ್ತು.

ಜೋಳ ಕಾಫಿಗಳಿಂದ ಶುರುವಾದ ಹೋಲಿಕೆ ಯುದ್ಧಕ್ಕೆ ಬರದೆ ಇರುತ್ತದೆಯೇ?

ಒಂದು ಬೆಳಿಗ್ಗೆ ಡಾಕ್ಟರು ನಿದ್ದೆಗೆಟ್ಟ ಮುಖದಲ್ಲಿ ಬಂದರು. ತುಂಬ ದಿನಗಳಿಂದ ತಂಗಿಯ ದನಿ ಬಂದಿರಲಿಲ್ಲ. ಪರದೆಯಾಚೆಯಿಂದ ಒಣ ದನಿಯಲ್ಲಿ ಹೇಳಿದರು, “ಖಾಲಾ, ನಿಮ್ಮಲ್ಲಿ ಈಗ ಬಾಂಬು ಹಾಕುವ ವಿಮಾನಗಳಾದರೂ ನಿಂತಿವೆ. ನಿಮ್ಮ ಯುದ್ಧ ಮುಗಿದ ಹಾಗೆಯೇ.”

ಆಕೆ ಕಂಬಿಯ ನಡುವೆ ನಿಂತುಬಿಟ್ಟಳು. “ಮುಗಿದಿದ್ದರೆ ನನ್ನ ಕಾಲು ತೆಗೆದುಕೊಂಡವರು ಯಾರು, ಡಾಕ್ಟರೇ?”

“ನಾನು ಹೇಳಿದ್ದು ಹಾಗಲ್ಲ. ನಿಮ್ಮ ಕಷ್ಟ ಲೋಕಕ್ಕೆಲ್ಲ ಗೊತ್ತು. ನಮ್ಮದನ್ನು ಕೇಳುವವರಿಲ್ಲ.”

“ಗೊತ್ತಾಗಿ ಏನಾಯಿತು? ಫೋಟೋ ತೆಗೆದುಕೊಂಡು ಹೋದರು. ಮೇಷ್ಟ್ರುಗಳಿಗೆ ನಿಂತುಹೋದ ಸಂಬಳ ಬಂತಾ? ನನ್ನ ತವರು ಬೆಟ್ಟದ ಆ ಬದಿಗೆ. ಮೊದಲು ನಡೆದು ಹೋಗಿ ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದೆ. ಮಧ್ಯೆ ಹೊಡೆದಾಡುವ ಎರಡು ಕಡೆಯವರು ಗೆರೆ ಎಳೆದ ಮೇಲೆ ಬೆಟ್ಟ ಸುತ್ತಿ ಹೋಗಲು ಇಡೀ ದಿನ. ನನ್ನ ತಾಯಿ ಸತ್ತಾಗ ನಾನು ಮುಖ ನೋಡಲಿಲ್ಲ.”

ಡಾಕ್ಟರು, “ನನ್ನ ತಂದೆಯನ್ನು ಮನೆಯ ಅಂಗಳದಲ್ಲಿ ಹೂತಿದ್ದಾರೆ” ಎಂದರು. “ಸ್ಮಶಾನಕ್ಕೆ ಒಯ್ಯಲು ಬಿಡಲಿಲ್ಲ. ತಂಗಿ, ಪಕ್ಕದ ಮನೆಯ ಮುದುಕ ಸೇರಿ ಗುಂಡಿ ತೋಡಿದರು. ನನ್ನ ತಾಯಿ ಅದರ ಪಕ್ಕದಲ್ಲೇ ಬಟ್ಟೆ ಒಣಗಿಸುತ್ತಾಳೆ.”

“ನಿನ್ನ ತಂದೆ ಎಲ್ಲಿದ್ದಾರೆಂದು ನಿನಗೆ ಗೊತ್ತಿದೆ, ಮಗನೇ. ನನ್ನ ಗಂಡುಮಗ ಕೆಲಸಕ್ಕೆಂದು ಚೆಕ್‌ಪೋಸ್ಟ್ ದಾಟಿದವನು ತಿರುಗಿ ಬರಲಿಲ್ಲ. ಈ ಕಡೆಯವರು ಆ ಕಡೆಯವರ ಹೆಸರು ಹೇಳುತ್ತಾರೆ, ಆ ಕಡೆಯವರು ಈ ಕಡೆಯವರದ್ದು.”

ಆಕೆಯ ಸೊಂಟದ ಬೆಲ್ಟನ್ನು ಹಿಡಿದು ಹಿಂದೆ ನಿಂತಿದ್ದವಳು ನಾನು. ಬಿಟ್ಟು ಹೊರಗೆ ಹೋಗುವ ಹಾಗಿಲ್ಲ, ಬಿದ್ದಾಳು. ಪರದೆಯ ಒಂದು ಕಡೆ ಆಕೆ, ಇನ್ನೊಂದು ಕಡೆ ಅವರು. ಇಬ್ಬರ ನಡುವೆ ಬೆಲ್ಟು ಹಿಡಿದುಕೊಂಡು ನಾನು. ಡಾಕ್ಟರು ಮುಂದಿನ ರೋಗಿಯ ಕಡೆ ಹೋದರು. ಆಕೆ, “ಇನ್ನೊಂದು ಹೆಜ್ಜೆ” ಎಂದು ನನ್ನ ಮಾತನ್ನು ನನಗಿಂತ ಮೊದಲೇ ಹೇಳಿ ಕಾಲೆತ್ತಿಟ್ಟಳು.

ಮನೆಗೆ ಹೋದ ಮೇಲೂ ಅದೇ ಗುಂಗು. ಗಂಡ ಕೇಳಿದರು, “ಎಂತ, ಇವತ್ತು ಮುಖ ಹೀಗೆ ಉಂಟು?” ಹೇಳಿದೆ. ಅವರ ಅಜ್ಜ ಹಿಂದೆ ಏಡನ್ನಿನಲ್ಲಿ ಗುಮಾಸ್ತರಾಗಿದ್ದವರು. ಆ ಊರನ್ನು ಮುಂಬಯಿಗಿಂತ ಚಂದ ಎಂದು ಹೊಗಳುತ್ತಿದ್ದರಂತೆ. “ನೀನು ಸುಮ್ಮನೆ ಮಂಡೆಬೆಚ್ಚ ಮಾಡ್ಕೊಳ್ಬೇಡ. ಅವರಿಬ್ಬರಿಗೂ ಜಗಳ ಮಾಡ್ಲಿಕ್ಕೆ ಬೇರೆ ಯಾರು ಇದ್ದಾರೆ ಹೇಳು?” ಎಂದರು. ಮಾತು ಸರಿಯೇ. ಬಂದೂಕು ಹಿಡಿದವರ ಹತ್ತಿರ ಜಗಳ ಮಾಡಲಿಕ್ಕಾಗುವುದಿಲ್ಲವಲ್ಲ.

ಮರುದಿನ ಡಾಕ್ಟರು ಬಂದು ಪರದೆಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಕ್ಷಮೆ ಕೇಳುತ್ತಾರೆಂದುಕೊಂಡೆ. ಅವರು ಕೇಳಿದ್ದು ಬೇರೆ.

“ಖಾಲಾ, ನೀರು ನಿಂತುಹೋದಾಗ ನೀವು ಏನು ಮಾಡುತ್ತಿದ್ದಿರಿ?”

ತಂಗಿಯ ಮೆಸೇಜು ಬಂದಿತ್ತು. ನೀರಿನ ಪಂಪು ಕೆಟ್ಟಿದೆ, ಗ್ಯಾಸಿಲ್ಲ, ಮೇಲಿನ ಬೀದಿಯ ಮನೆಗಳಿಗೆ ಆ ಹುಡುಗರು ನುಗ್ಗುತ್ತಿದ್ದಾರೆ, ಏನು ಮಾಡಲಿ ಎಂದು ಅಣ್ಣನನ್ನು ಕೇಳಿದ್ದಳು. ಅಣ್ಣನಿಗೆ ಮೂಳೆ ಕೂಡಿಸುವುದು ಗೊತ್ತು. ಯುದ್ಧದೊಳಗೆ ಸಂಸಾರ ಮಾಡುವುದು ಗೊತ್ತಿರಲಿಲ್ಲ. ಖಾಲಾಗೆ ಗೊತ್ತಿತ್ತು. ಆಕೆಯ ಯುದ್ಧಕ್ಕೆ ವಯಸ್ಸಾಗಿತ್ತು.

ಆಕೆ ಚಾಪೆಯ ಮೇಲೆ ಗೋಡೆಗೊರಗಿ ಕೂತು, ಮುಸುಕು ಇಳಿಸಿಕೊಂಡು, ಫೋನನ್ನು ಪರದೆಯ ಅಡಿಯಿಂದ ಕೊಡಿ ಎಂದಳು. ಡಾಕ್ಟರು ಜಾರಿಸಿದರು. ಕಂಡರಿಯದ ಊರಿನ ಕಂಡರಿಯದ ಮುದುಕಿಗೆ, ಡಾಕ್ಟರ ತಾಯಿಗೆ, ಆಕೆ ಮೆಸೇಜು ಹೇಳತೊಡಗಿದಳು.

“ಅಕ್ಕಾ, ಸಲಾಂ. ನಾನು ಯೆಮೆನಿನವಳು. ನಿನ್ನ ಮಗನ ಹತ್ತಿರ ಮದ್ದು ಮಾಡಿಸಿಕೊಳ್ಳುತ್ತಿದ್ದೇನೆ, ಚೆನ್ನಾಗಿದ್ದಾನೆ, ಸ್ವಲ್ಪ ಬಡವಾಗಿದ್ದಾನೆ. ಈಗ ಕೇಳು. ನೀರು ಬಂದಾಗ ಎಷ್ಟು ಹೊತ್ತು ಬರುತ್ತದೆಂದು ಯಾರನ್ನೂ ಕೇಳುತ್ತ ನಿಲ್ಲಬೇಡ, ಕೊಡದಿಂದ ಲೋಟದವರೆಗೆ ಎಲ್ಲ ತುಂಬಿಡು. ಬೀದಿಯ ಕಡೆಯ ಕೋಣೆಯಲ್ಲಿ ಮಲಗಬೇಡ. ಕಿಟಕಿಯ ಗಾಜು ತೆರೆದೇ ಇಡು, ಮುಚ್ಚಿದ್ದರೆ ಮೈಮೇಲೆ ಒಡೆಯುತ್ತದೆ. ಕಾಳನ್ನು ಅರೆದಿಡಬೇಡ, ನೆನೆಹಾಕು. ನೆನೆದದ್ದು ಬೇಗ ಬೇಯುತ್ತದೆ, ಸೌದೆ ಉಳಿಯುತ್ತದೆ.”

ಉತ್ತರ ಬರಲು ದಿನಗಳು ಹಿಡಿದವು. ಬಂದಾಗ ಡಾಕ್ಟರು ಸ್ಪೀಕರ್ ಹಾಕಿದರು. ಮುದುಕಿಯ ದನಿ ಒಡಕಾಗಿತ್ತು, ಹಿಂದೆ ಎಲ್ಲೋ ಧಡ್ ಎಂದು ಸದ್ದು. “ತಂಗೀ, ನೀನು ಹೇಳಿದ್ದೆಲ್ಲ ಮಾಡಿದೆ. ನಿನಗೆ ಆಕಾಶದಿಂದ ಬರುತ್ತಿತ್ತು, ನನಗೆ ಬಾಗಿಲಿನಿಂದ ಬರುತ್ತದೆ. ನಿನ್ನೆ ಮೂವರು ಬಂದು ನಮ್ಮ ಸೋಫಾದ ಮೇಲೆ ಕೂತು ಚಹಾ ಕೇಳಿದರು. ಬಾಗಿಲಿಗೆ ಏನು ಮಾಡುತ್ತೀ ಹೇಳು.”

ಎರಡು ಯುದ್ಧಗಳ ವ್ಯತ್ಯಾಸ ಯಾರಾದರೂ ನನಗೆ ಹೀಗೆ ನೇರವಾಗಿ ಹೇಳಿದ್ದು ಅದೇ ಮೊದಲು. ಖಾಲಾ ಆಕಾಶಕ್ಕೆ ಹೆದರಿದವಳು, ಆಮೇಲೆ ನೆಲಕ್ಕೆ. ಡಾಕ್ಟರ ತಾಯಿ ಹೆದರುತ್ತಿದ್ದುದು ತನ್ನದೇ ಮನೆಯ ಬಾಗಿಲಿಗೆ. ಖಾಲಾಳ ಊರನ್ನು ಯುದ್ಧ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ತಿಂದಿತ್ತು. ಒಳಗಿದ್ದವರು ಅದರ ನಡುವೆ ಮದುವೆ ಮಾಡಿದರು, ಹಡೆದರು. ಬಹ್ರಿಯ ಬೀದಿ ಬೆಳಗಿನ ತಿಂಡಿ ತಿನ್ನುವಾಗ ಇತ್ತು, ಮಧ್ಯಾಹ್ನಕ್ಕೆ ಇರಲಿಲ್ಲ.

ಆ ಸಮಯದಲ್ಲೇ ಕನ್ನಡದವರ ಒಂದು ಊಟದಲ್ಲಿ ಬೆಂಗಳೂರಿನ ಅಕೌಂಟೆಂಟ್ ಒಬ್ಬರು ನನ್ನನ್ನು ಕೇಳಿದರು, “ಅಲ್ಲ ಮೇಡಂ, ನೀವು ದಿನಾ ನೋಡ್ತೀರಲ್ಲ. ಯೆಮೆನ್, ಸುಡಾನ್, ಎರಡರಲ್ಲಿ ಯಾವುದು ಜಾಸ್ತಿ ಹಾಳಾಗಿರೋದು?” ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಟೀವಿಯಲ್ಲಿ ಯಾರೋ ಅಂಕಿ ಅಂಶ ಹಾಕಿ ತೋರಿಸಿದ್ದರಂತೆ. ನಾನು ಹೋಳಿಗೆ ಬಡಿಸುತ್ತ, “ಗೊತ್ತಿಲ್ಲ, ಎರಡೂ ಕಡೆ ಜನ ಒಳಗೇ ಸಿಕ್ಕಿಕೊಂಡಿದ್ದಾರೆ” ಎಂದೆ. ಅವರು, “ಪಾಪ” ಎಂದರು. ಮಾತು ಶಾಲೆಯ ಬಸ್ಸಿನ ಕಡೆ ತಿರುಗಿತು.

ಬಾಗಿಲಿಗೆ ಖಾಲಾಳ ಹತ್ತಿರ ಮದ್ದಿರಲಿಲ್ಲ. “ಹಾಗಾದರೆ ಹೊರಡಬೇಕು” ಎಂದಳು. ಡಾಕ್ಟರಿಗೆ ಅದನ್ನು ತಾಯಿಗೆ ಹೇಳುವ ಧೈರ್ಯ ಇರಲಿಲ್ಲ. ಗಂಡನ ಗೋರಿ ಅಂಗಳದಲ್ಲಿರುವಾಗ ಆಕೆ ಹೊರಡುವುದಿಲ್ಲವೆಂದು ಗೊತ್ತಿತ್ತು. ಖಾಲಾ ಹೇಳಿದಳು. “ಸತ್ತವರನ್ನು ಯಾರೂ ಏನೂ ಮಾಡುವುದಿಲ್ಲ, ಅಕ್ಕಾ. ನಿನ್ನ ಮಗಳು ಚಿಕ್ಕವಳು.” ಅಷ್ಟೇ ಹೇಳಿ ಫೋನು ಪರದೆಯಡಿಗೆ ದೂಡಿದಳು.

ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ: “ಹೇಗೆ?”

ಹೇಗೆ ಎನ್ನುವುದನ್ನು ಖಾಲಾ ಕಂತು ಕಂತಾಗಿ ಕಳಿಸಿದಳು. ಸೂಟ್‌ಕೇಸು ಬೇಡ, ಗಂಟು ಕಟ್ಟು. ಗಂಟಿನ ಮೇಲ್ಗಡೆ ಔಷಧಿಯ ಡಬ್ಬಿ, ಹಳೆಯ ಎಕ್ಸ್‌ರೇ ಇಡು. ಆಸ್ಪತ್ರೆಗೆ ಹೊರಟವಳು ನೀನು. ಮನೆಗೆ ಬೀಗ ಹಾಕಬೇಡ, ಹೇಗೂ ಒಡೆಯುತ್ತಾರೆ, ಒಡೆದ ಬಾಗಿಲನ್ನು ಮತ್ತೆ ಮುಚ್ಚುವವರಿಲ್ಲ. ಬಸ್ಸಿನಲ್ಲಿ ಮಗಳನ್ನು ಒಳಗೆ ಕೂರಿಸಿ ನೀನು ದಾರಿಯ ಬದಿ ಕೂರು. ಬಂದೂಕಿನವನು ಹತ್ತಿದರೆ ಮಗಳು ಮಾತಾಡಬಾರದು, ನೀನು ಮಾತಾಡು. ಊಟ ಆಯಿತಾ ಮಗನೇ ಎಂದು ಕೇಳು.

“ಅವರಿಗೆ ಊಟ ಆಯಿತಾ ಎಂದು ಕೇಳಬೇಕಾ?” ನಾನು ಕನ್ನಡದಲ್ಲಿ ಗೊಣಗಿ ಆಮೇಲೆ ಅರಬ್ಬಿಯಲ್ಲಿ ಕೇಳಿದೆ.

“ಕೇಳಬೇಕು. ಹತ್ತು ಜನರಲ್ಲಿ ಒಬ್ಬನಿಗೆ ಅವನ ತಾಯಿ ನೆನಪಾದರೂ ಸಾಕು” ಎಂದಳು. “ನನ್ನನ್ನು ಎರಡು ಸಲ ಹಾಗೆ ಬಿಟ್ಟಿದ್ದಾರೆ.”

ತಂಗಿಯ ಕೊನೆಯ ಮೆಸೇಜು ಚಿಕ್ಕದು. ಬಸ್ಸಿನವನು ಒಪ್ಪಿದ್ದಾನೆ, ಫೋನು ಮನೆಯಲ್ಲೇ ಬಿಡುತ್ತೇವೆ, ಇಟ್ಟುಕೊಂಡರೆ ಕಿತ್ತುಕೊಳ್ಳುತ್ತಾರೆ. ಆಮೇಲೆ ಏನೂ ಇಲ್ಲ.

ಆ ದಿನಗಳಲ್ಲಿ ನಮ್ಮ ಕಿಟಕಿಯಿಲ್ಲದ ಕೋಣೆಯಲ್ಲಿ ಉಸಿರಾಡುವುದೇ ಕಷ್ಟವಾಗಿತ್ತು. ಹೊರಗೆ ಹೋದರೂ ಬಿಡುಗಡೆಯಿಲ್ಲ. ಗುಡ್ಡ, ರಸ್ತೆ, ಎದುರಿನ ತೆಂಗಿನ ತೋಟ ಎಲ್ಲವನ್ನೂ ಮಂಜು ಮುಚ್ಚಿರುತ್ತಿತ್ತು. ಡಾಕ್ಟರು ರೋಗಿಗಳನ್ನು ನೋಡುತ್ತಿದ್ದರು, ನಗುತ್ತಲೂ ಇದ್ದರು. ಒಂದು ಸಲ ಮಾತ್ರ ನನ್ನ ಹತ್ತಿರ ಹೇಳಿದರು, “ಸಿಸ್ಟರ್, ಅಲ್ಲಿಗೆ ಹೋಗಿ ಕರೆದುಕೊಂಡು ಬರಲು ನನ್ನ ಕೈಯಲ್ಲಿ ಆಗುವುದಿಲ್ಲ. ಪಾಸ್‌ಪೋರ್ಟ್ ಅವಧಿ ಮುಗಿದಿದೆ. ಹೊಸದು ಕೊಡುವ ಕಚೇರಿ ಇರುವ ದೇಶದಲ್ಲೇ ಕಚೇರಿಗಳಿಲ್ಲ. ಹೋದರೆ ಇಲ್ಲಿಗೆ ವಾಪಸು ಬರಲಾರೆ, ಇಲ್ಲಿರುವ ಮಕ್ಕಳ ಗತಿ?” ಖಾರ್ತೂಮಿನ ಮನೆಯಲ್ಲಿ ತಾಯಿ ಸಿಕ್ಕಿಕೊಂಡಿದ್ದಾಳೆಂದು ಮಾತ್ರ ನಾನು ತಿಳಿದಿದ್ದೆ, ಮಗನೂ ಇಲ್ಲಿ ಸಿಕ್ಕಿಕೊಂಡಿದ್ದಾರೆಂದು ಅವತ್ತು ತಿಳಿಯಿತು.

ಖಾಲಾಳದ್ದು ಇನ್ನೊಂದು ಬಗೆ. ಕಾಲು ಸಿದ್ಧವಾಗಿ, ಊರುಗೋಲಿಲ್ಲದೆ ನಡೆಯಲು ಕಲಿತಿದ್ದಳು. ಇಲ್ಲಿರಲು ಕೊಟ್ಟ ಅವಧಿ ಮುಗಿಯುತ್ತ ಬಂದಿತ್ತು. ಮಗಳ ಹೆರಿಗೆ ಹತ್ತಿರ. ಚಿಕಿತ್ಸೆ ಇನ್ನೂ ಇದೆಯೆಂದು ಬರೆದುಕೊಟ್ಟರೆ ಸ್ವಲ್ಪ ದಿನ ಉಳಿಯಬಹುದು, ಬರೆಯಲೇ ಎಂದು ಡಾಕ್ಟರು ಕೇಳಿದರು.

“ಉಳಿದು ಏನು ಮಾಡಲಿ? ಆ ಬಾಡಿಗೆ ಕೋಣೆಯಲ್ಲಿ ತಮ್ಮನ ಮುಖ ನಾನು, ನನ್ನ ಮುಖ ಅವನು ನೋಡುತ್ತ ಕೂರಬೇಕು. ಇಲ್ಲಿ ದೀಪ ಇದೆ, ನೀರಿದೆ. ನನ್ನವರು ಒಬ್ಬರೂ ಇಲ್ಲ.”

“ಅಲ್ಲಿ ಮತ್ತೆ ಸೌದೆಗೆ ಹೋಗುತ್ತೀರಿ.”

“ಸೌದೆಗೆ ಹೋಗದೆ ಒಲೆ ಉರಿಯುವುದಿಲ್ಲ, ಡಾಕ್ಟರೇ.”

ಹೊರಟ ದಿನ ಆಕೆಯ ಎರಡು ಕಾಲಿಗೂ ಒಂದೇ ಜೋಡಿ ಚಪ್ಪಲಿ ಹಾಕಿಸಿದ್ದೆವು, ಹೊಸದು. ಕೃತಕ ಕಾಲಿನ ಒಳಗೆ ತೊಡುವ ದಪ್ಪ ಕಾಲುಚೀಲಗಳನ್ನು ಸಿಕ್ಕಷ್ಟು ಕಟ್ಟಿಕೊಟ್ಟೆ. ಮಾಂಸ ಬತ್ತಿದ ಹಾಗೆ ಕಾಲು ಸಡಿಲವಾಗುತ್ತದೆ, ಆಗ ಒಂದರ ಮೇಲೊಂದು ಹಾಕಬೇಕೆಂದು ತೋರಿಸಿದೆ. ಆಕೆ ಪರದೆ ಸರಿಸಿ, ಮುಸುಕಿನಲ್ಲೇ ಡಾಕ್ಟರ ಎದುರು ಬಂದು ನಿಂತಳು. ಅಲ್ಲಿಯವರೆಗೆ ಅವರಿಬ್ಬರೂ ಪರದೆಯಿಲ್ಲದೆ ಎದುರುಬದುರು ನಿಂತು ಮಾತಾಡಿದ್ದೇ ಇಲ್ಲ. “ನಿನ್ನ ತಾಯಿ ಬಂದೇ ಬರುತ್ತಾಳೆ. ಬಂದಾಗ ನನಗೆ ತಿಳಿಸು” ಎಂದಳು. ಡಾಕ್ಟರು ತಲೆ ತಗ್ಗಿಸಿ, “ಖಾಲಾ, ನಾನು ಅವತ್ತು ಯುದ್ಧ ಮುಗಿದಿದೆ ಎಂದೆ” ಎಂದು ಶುರು ಮಾಡಿದರು. “ನಿನ್ನದು ಬೇಗ ಮುಗಿಯಲಿ” ಎಂದಷ್ಟೇ ಹೇಳಿ ಆಕೆ ಮೆಟ್ಟಿಲಿಳಿದಳು. ತಮ್ಮ ಕೈ ಕೊಡಲು ಬಂದ, ಹಿಡಿಯಲಿಲ್ಲ.

ಆಕೆ ಗಡಿ ದಾಟಿ ಕೆಲವು ದಿನ ಕಳೆದ ಮೇಲೆ ಡಾಕ್ಟರು ಔಷಧಿ ಅಂಗಡಿಯ ಎದುರು ನೆಲದ ಮೇಲೆ ಕೂತುಬಿಟ್ಟಿದ್ದಾರೆಂದು ಯಾರೋ ಓಡಿಬಂದು ಹೇಳಿದರು. ಹೋಗಿ ನೋಡಿದರೆ ಫೋನು ಕಿವಿಗೆ ಒತ್ತಿಕೊಂಡು ಅಳುತ್ತಿದ್ದರು. ತಾಯಿ, ತಂಗಿ ಉತ್ತರದ ದಾರಿ ಹಿಡಿದು, ಹಲವು ಚೆಕ್‌ಪೋಸ್ಟುಗಳನ್ನು ದಾಟಿ, ಶೆಂದಿ ಎಂಬ ಊರು ಮುಟ್ಟಿ, ಅಲ್ಲಿಂದ ಕೆಂಪು ಸಮುದ್ರದ ದಂಡೆಯ ಪೋರ್ಟ್ ಸುಡಾನಿಗೆ ತಲುಪಿದ್ದರು. ತಂಗಿಯ ಕಿವಿಯೋಲೆ, ತಾಯಿಯ ಗಂಟು ಎರಡೂ ಹೋಗಿದ್ದವು. ಎಕ್ಸ್‌ರೇಯನ್ನು ಒಬ್ಬ ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟಿದ್ದನಂತೆ. “ಆ ಯೆಮೆನಿನ ತಂಗಿಗೆ ಹೇಳು” ಎಂದಳು ತಾಯಿ, “ಊಟ ಆಯಿತಾ ಎಂದು ಕೇಳಿದೆ. ಒಬ್ಬ ಬೈದ. ಒಬ್ಬ ಇಲ್ಲ ಎಂದ.”

ಅದನ್ನು ನಾವು ಖಾಲಾಳ ತಮ್ಮನ ಫೋನಿಗೆ ಕಳಿಸಿದೆವು. ಹೋಗಿ ಮುಟ್ಟಲು ಬಹಳ ದಿನ ಹಿಡಿಯಿತು. ಉತ್ತರವಾಗಿ ಬಂದದ್ದು ಒಂದು ಕೂಸಿನ ಅಳು, ಅದರ ಹಿಂದೆ ಆಕೆಯ ದನಿ: “ಹೆಣ್ಣುಮಗು. ದೇವರು ದೊಡ್ಡವನು.”

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಪೋರ್ಟ್ ಸುಡಾನಿನಲ್ಲಿ ಶಾಲೆಯೊಂದರ ತರಗತಿಯಲ್ಲಿ ಹತ್ತಾರು ಸಂಸಾರಗಳ ನಡುವೆ ತಾಯಿ ಮಗಳು ಕಾದರು. ಇಲ್ಲಿಗೆ ಬರುವ ವೀಸಾದ ಕೆಲಸ ಮುಗಿಯಲಿಲ್ಲ. ಅಲ್ಲಿಗೆ ಹೋಗುವ ಪಾಸ್‌ಪೋರ್ಟ್ ಡಾಕ್ಟರ ಹತ್ತಿರ ಇರಲಿಲ್ಲ. ವಿಮಾನ ಹತ್ತಿದರೆ ಒಂದು ಊಟ, ಒಂದು ನಿದ್ದೆಯ ದೂರ. ಅಷ್ಟು ಹತ್ತಿರವಿದ್ದೂ ಮುಖ ನೋಡಲಾಗಲಿಲ್ಲ. ಸರ್ಕಾರದ ಸೇನೆ ಬಹ್ರಿಯನ್ನು ಹಿಂದಕ್ಕೆ ಪಡೆದ ಸುದ್ದಿ ಬಂದಾಗ ಮುದುಕಿ ಯಾರ ಮಾತನ್ನೂ ಕೇಳದೆ ಮಗಳನ್ನು ಕರೆದುಕೊಂಡು ಮನೆಗೆ ಹೋದಳು. ಬಾಗಿಲಿರಲಿಲ್ಲ. ಗೋಡೆಯೊಳಗಿನ ವಿದ್ಯುತ್ ತಂತಿಗಳನ್ನೂ ಕಿತ್ತು ಒಯ್ದಿದ್ದರು. ಅಂಗಳದ ಗೋರಿ ಇದ್ದ ಹಾಗೇ ಇತ್ತು. ಈಗಲೂ ಅವರು ಅಲ್ಲೇ ಇದ್ದಾರೆ, ನೀರನ್ನು ಕತ್ತೆಗಾಡಿಯವನಿಂದ ಕೊಳ್ಳುತ್ತಾರೆ. ಡಾಕ್ಟರು ಇಲ್ಲೇ ಇದ್ದಾರೆ. ಮಕ್ಕಳು ಫೋನಿನಲ್ಲಿ ಅಜ್ಜಿಯ ಜೊತೆ ಇಂಗ್ಲಿಷು ಬೆರೆಸಿ ಮಾತಾಡಿದಾಗ ಅವರು ಎದ್ದು ಹೊರಗೆ ಹೋಗುತ್ತಾರಂತೆ.

ಈ ವರ್ಷದ ಖರೀಫ್ ಶುರುವಾಗುವ ಮುಂಚೆ ಖಾಲಾಳ ಮೆಸೇಜು ನನ್ನ ಫೋನಿಗೇ ಬಂತು. ಸುಡಾನಿನ ಅಕ್ಕನ ಮನೆಗೆ ಬಾಗಿಲು ಕೂರಿಸಿದರಾ ಎಂದು ಮೊದಲು ಕೇಳಿದಳು. ಆಮೇಲೆ, ಕಾಲು ಬಹಳ ಸಡಿಲಾಗಿದೆ, ನೀನು ಕೊಟ್ಟ ಚೀಲಗಳೆಲ್ಲ ಹಾಕಿದರೂ ಇಳಿಜಾರಿನಲ್ಲಿ ಜಾರುತ್ತದೆ, ಹರಿದ ಬಟ್ಟೆ ಸುತ್ತಬಹುದಾ ಎಂದು ಕೇಳಿದಳು. ಸುತ್ತಬಾರದು. ಹುಣ್ಣಾಗುತ್ತದೆ. ಹೊಸದಾಗಿ ಅಚ್ಚು ತೆಗೆದು ಮೊಂಡುಗಾಲು ಕೂರುವ ಮೇಲಿನ ಬಟ್ಟಲನ್ನು ಬೇರೆ ಮಾಡಿಸಬೇಕು, ಅದಕ್ಕೆ ಇಲ್ಲಿಗೆ ಬರಬೇಕು. ಬರುವ ದಾರಿ ಈ ಸಲ ಮುಚ್ಚಿದೆ ಎಂದು ತಮ್ಮ ಹೇಳಿದ.

ನಾನು ಅದನ್ನು ಡಾಕ್ಟರಿಗೆ ಕೇಳಿಸಿದೆ. ಅವರು ಎರಡು ಸಲ ಕೇಳಿ, ಕಾಲುಚೀಲಗಳ ಕಪಾಟು ತೆರೆದು, ಏಡನ್ ಕಡೆ ಹೋಗುವ ಲಾರಿಯವರು ಯಾರಾದರೂ ಸಿಗುತ್ತಾರಾ ವಿಚಾರಿಸು ಎಂದು ಕ್ಲಿನಿಕ್ಕಿನ ಡ್ರೈವರನಿಗೆ ಫೋನು ಮಾಡಿದರು. ನಾನು ಖಾಲಾಗೆ, ಬಟ್ಟೆ ಸುತ್ತಬೇಡಿ, ಇಳಿಜಾರಿನಲ್ಲಿ ಕೋಲು ಹಿಡಿಯಿರಿ, ಚೀಲ ಕಳಿಸುತ್ತೇವೆ ಎಂದು ಹೇಳಿ ಕಳಿಸಿದೆ. ಆ ಮೆಸೇಜು ಅಲ್ಲಿಗೆ ಮುಟ್ಟಿದೆಯೋ ಇಲ್ಲವೋ ಇನ್ನೂ ತಿಳಿದಿಲ್ಲ.